ಬಿಸಿ ಬಿಲ್ಲೆ

ಆ ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರರ ಮನೆಯ ಊಟದ ಮೇಜಿನ ಮೇಲೆ ಲೋಟ ಇಡಲೂ ಜಾಗವಿರಲಿಲ್ಲ. ಯುರೋಪಿನ ದಕ್ಷಿಣ ದಂಡೆಯ ಗಾಲ್ಫ್ ಮೈದಾನಗಳು ಎಂಟು ಬಣ್ಣದ ಹಾಳೆಗಳಾಗಿ ಅಲ್ಲಿ ಬಂದು ಮಲಗಿದ್ದವು. ಹೊರಡುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಟಿಕೆಟ್ಟೇ ಆಗಿರಲಿಲ್ಲ, ಆದರೆ ಅಲ್ಲಿನ ಬಿಸಿಲಿಗೆಂದು ಬಿಳಿ ಟೋಪಿ ಬಂದಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಹೆಂಡತಿ ಎರಡು ಸಲ ಚುಚ್ಚಿದರೂ ಡಾಕ್ಟರು ಅದನ್ನು ತಲೆಯಿಂದ ತೆಗೆಯದೆ ಕಾಫಿ ಕುಡಿಯುತ್ತಿದ್ದರು.

ಆ ಹೆಂಡತಿಯನ್ನು ಊರೆಲ್ಲ ಬಿಲ್ಲೆಯಮ್ಮ ಎನ್ನುತ್ತಿತ್ತು. ಮೂವತ್ತು ವರ್ಷ ಗಂಡನ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು, ಬಂದವರಿಗೆ ಸರದಿಯ ಹಿತ್ತಾಳೆ ಬಿಲ್ಲೆ ಕೊಟ್ಟಿದ್ದಕ್ಕೆ ಬಂದ ಹೆಸರು. ಹೋದ ವರ್ಷ ಕ್ಲಿನಿಕ್ಕು ಮುಚ್ಚಿತು, ಹೆಸರು ಉಳಿಯಿತು. ಡಾಕ್ಟರರ ಕೈಬರಹ ಓದಬಲ್ಲವರು ಭೂಮಿಯ ಮೇಲೆ ಬಿಲ್ಲೆಯಮ್ಮ ಒಬ್ಬರೇ. ಔಷಧದಂಗಡಿಯವನೂ ಕೈಚೆಲ್ಲಿ, ಚೀಟಿ ಹಿಡಿದು ಅವರ ಹತ್ತಿರವೇ ಬರುತ್ತಿದ್ದ. ಹಾಗಾಗಿ ಮೈದಾನಗಳಿಗೆ ಕಳಿಸುವ ಅರ್ಜಿಗಳನ್ನು ದುಂಡಗೆ ಬರೆಯುವ ಕೆಲಸವೂ ಅವರ ಪಾಲಿಗೇ ಬಂದಿತ್ತು. ಡಾಕ್ಟರು ಹೇಳಿದಂತೆ ಎಲ್ಲ ಅರ್ಜಿಗಳಲ್ಲೂ ಮೊದಲ ಸಾಲು ಬರೆದಾಗಿತ್ತು: ಆಟಗಾರರು 2, ಜೊತೆಗೆ ಬರುವವರು 1.

ಜೊತೆಗೆ ಬರುವವರು ಎಂದರೆ ಕೊಡೆ ಹಿಡಿಯುವವರು. ಹನ್ನೆರಡು ವರ್ಷದಿಂದ ಯಾವ ರಜೆಗೆ ಹೋದರೂ ಕೊಡೆ, ನೀರಿನ ಬಾಟಲಿ, ಅಂಕದ ಚೀಟಿ ಹಿಡಿದು ಗಂಡನ ಹಿಂದೆ ಚೆಂಡು ಬೀಳಿಸುವ ಹದಿನೆಂಟು ಗುಳಿ ಸುತ್ತಿದ್ದು ಬಿಲ್ಲೆಯಮ್ಮನೇ. ಮೊದಲನೇ ವರ್ಷ ಒಮ್ಮೆ, “ನಾನೂ ಒಂದು ಹೊಡೀಲಾ?” ಎಂದು ಕೇಳಿದ್ದರು. ಡಾಕ್ಟರು ನಕ್ಕು, “ನಿನಗೆ ಇದೆಲ್ಲ ಆಗೋದಲ್ಲ ಬಿಡು, ಸೊಂಟ ಹಿಡ್ಕೊಳ್ಳುತ್ತೆ” ಎಂದಿದ್ದರು. ಅಂದವರು ಅಲ್ಲೇ ಮರೆತರು. ಅನ್ನಿಸಿಕೊಂಡವರು ಮರೆಯಲಿಲ್ಲ.

ಕ್ಲಿನಿಕ್ಕು ಮುಚ್ಚಿದ ಮೇಲೆ ಬಿಲ್ಲೆಯಮ್ಮ ಬೆಳಗಿನ ವಾಕಿಂಗ್ ಶುರುಮಾಡಿದರು. ಆ ವಾಕಿಂಗು ಸೀದಾ ಊರಿನ ಗಾಲ್ಫ್ ಕ್ಲಬ್ಬಿನ ಹಿಂದಿನ ಗೇಟಿಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಹುಲ್ಲು ಕತ್ತರಿಸುವ ಯಜಮಾನರೊಬ್ಬರು, ನಲವತ್ತು ವರ್ಷ ಎಲ್ಲರ ಆಟ ನೋಡಿ ಪಳಗಿದವರು, ಒಂದು ಹಳೇ ಕೋಲು ಕೈಗೆ ಕೊಟ್ಟು ಪಾಠ ಹೇಳಿದರು. ಎಂಟು ತಿಂಗಳಾಯಿತು. ಈಗ ಹತ್ತರಲ್ಲಿ ಆರು ಚೆಂಡು ನೆಟ್ಟಗೆ ಹೋಗುತ್ತಿದ್ದವು. ಇದನ್ನು ಬಾಯಲ್ಲಿ ಹೇಳಬಾರದು, ಹುಲ್ಲಿನ ಮೇಲೇ ತೋರಿಸಬೇಕು, ಗಂಡ ಬಾಯಿ ಬಿಟ್ಟುಕೊಂಡು ನಿಲ್ಲಬೇಕು, ಆಗ ಆ ಬಾಯಿಯ ಹಲ್ಲು ತಾನು ಎಣಿಸಬೇಕು ಎಂಬುದು ಬಿಲ್ಲೆಯಮ್ಮನ ಹಟ. ಹಟದ ಕೆಳಗೆ ಮೆತ್ತಗಿನ ಇನ್ನೊಂದು ಆಸೆಯೂ ಇತ್ತು. ಒಂದು ದಿನ, ಒಂದೇ ಒಂದು ದಿನ, ಗಂಡನ ಹಿಂದೆ ಅಲ್ಲ, ಪಕ್ಕದಲ್ಲಿ ಆಡುತ್ತ ನಡೆಯಬೇಕು.

ತೊಡಕು ಇದ್ದದ್ದು ಮೈದಾನಗಳಲ್ಲಿ. ಮೇಜಿನ ಮೇಲಿದ್ದ ದೊಡ್ಡ ಮೈದಾನಗಳೆಲ್ಲ ಹ್ಯಾಂಡಿಕ್ಯಾಪ್ ಪತ್ರ ಕೇಳುತ್ತಿದ್ದವು. ಇವರು ಇಷ್ಟರ ಮಟ್ಟಿಗೆ ಆಡಬಲ್ಲರು ಎಂದು ಕ್ಲಬ್ಬು ಬರೆದುಕೊಡುವ ಯೋಗ್ಯತಾಪತ್ರ ಅದು. ಹಿಂದಿನ ಗೇಟಿನ ವಿದ್ಯಾರ್ಥಿನಿಗೆ ಅದನ್ನು ಯಾರು ಕೊಡುತ್ತಾರೆ? ಕೇಳದೆ ಇದ್ದದ್ದು ಐದನೇ ನಂಬರಿನ ಹಾಳೆ ಮಾತ್ರ. ಆಲಿವ್ ಮರಗಳ ನಡುವೆ ಒಂಬತ್ತೇ ಗುಳಿಗಳ ಸಮತಟ್ಟು ಜಾಗ, ‘ಆಡುವ ಮನಸ್ಸಿದ್ದವರೆಲ್ಲ ಬನ್ನಿ’ ಎಂದು ಅದರಲ್ಲಿತ್ತು. ಡಾಕ್ಟರು ಅದನ್ನು ಕಾಫಿ ಲೋಟದ ಕೆಳಗೆ ಹಾಸಿಕೊಂಡಿದ್ದರು.

ಎದುರಿಗೆ ಕೂತಿದ್ದವರು ಪಕ್ಕದ ಬೀದಿಯ ವಕೀಲರು. ಡಾಕ್ಟರರಿಗೆ ಈ ಆಟದ ಹುಚ್ಚು ಹಿಡಿಸಿದವರೇ ಅವರು. ರಜೆಯ ಆರು ದಿನಗಳಲ್ಲಿ ಆಟ ಮೂರು ದಿನ, ಮೂರು ಮೈದಾನ ಗೊತ್ತುಮಾಡಬೇಕು. ಡಾಕ್ಟರು ಒಂದೊಂದು ನಕಾಶೆಯನ್ನೂ ಬೆಳಕಿಗೆ ಹಿಡಿದು ರೋಗಿಯ ಬಾಯಿ ನೋಡಿದಂತೆ ನೋಡುತ್ತಿದ್ದರು.

“ಇದರ ಹದಿನಾಲ್ಕನೇ ಗುಳಿ ಹುಳುಕು ಕಣಯ್ಯಾ. ಬಲಗಡೆ ಪೂರ್ತಿ ಮರಳು. ಕಿತ್ತೇ ಹಾಕ್ಬೇಕು.”

ವಕೀಲರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅಡಿಯ ಸಣ್ಣ ಅಕ್ಷರ ಓದುತ್ತಿದ್ದರು. “ಇಲ್ಲಿ ತುಂಬಾ ಗಿಡ್ಡ ಚಡ್ಡಿ ಹಾಕೋ ಹಾಗಿಲ್ಲ ಅಂತಿದೆ. ಗಿಡ್ಡ ಅಂದ್ರೆ ಎಷ್ಟು ಗಿಡ್ಡ? ವಿವರಣೆ ಇಲ್ಲ. ನಾಳೆ ಇದೇ ತಕರಾರಾಗುತ್ತೆ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಸಾಗಿ, ಹನ್ನೊಂದು ಗಂಟೆಗೆ ಹೇಗೋ ಒಂದು ಮತ್ತು ಎಂಟನೇ ನಂಬರು ನಿಗದಿಯಾದವು. ಮೂರನೆಯ ಮೈದಾನಕ್ಕೆ ಗಾಡಿ ನಿಂತೇಬಿಟ್ಟಿತು. ಡಾಕ್ಟರರ ಪ್ರಾಣವೆಲ್ಲ ಎರಡನೇ ನಂಬರಿನಲ್ಲಿತ್ತು. ಬಂಡೆಯ ತುದಿಯ ಮೈದಾನ ಅದು, ಏಳನೇ ಗುಳಿಗೆ ಸಮುದ್ರದ ಮೇಲಿಂದಲೇ ಚೆಂಡು ಹಾರಿಸಬೇಕು. ಅದರ ಚಿತ್ರವನ್ನು ಕನ್ನಡಿಯ ಪಕ್ಕ ಅಂಟಿಸಿಕೊಂಡು ಒಂದು ವರ್ಷದಿಂದ ಗಡ್ಡ ಹೆರೆಯುತ್ತಿದ್ದರು. ವಕೀಲರಿಗೆ ಬೇಕಾಗಿದ್ದದ್ದು ನಾಲ್ಕನೆಯದು, ಗುಡ್ಡದ ಮೇಲಿನದು.

“ನಿನಗೆ ಸಮುದ್ರ ಬೇಡ. ಹೋದ ತಿಂಗಳು ಕ್ಲಬ್ಬಿನ ಚರಂಡಿ ದಾಟಿಸೋಕೆ ನಾಲ್ಕು ಚೆಂಡು ತಗೊಂಡೆ,” ಎಂದರು ವಕೀಲರು.

“ಅವತ್ತು ಗಾಳಿ ಇತ್ತು.”

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ.”

“ಐದನೇದು ಆಗಲ್ವಾ?” ಎಂದರು ಬಿಲ್ಲೆಯಮ್ಮ, ಪೆನ್ನಿನ ಮುಚ್ಚಳ ನೋಡುತ್ತ.

ಇಬ್ಬರೂ ಒಟ್ಟಿಗೆ ತಿರುಗಿದರು. ಆ ಬೆಳಿಗ್ಗೆ ಅವರು ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು.

“ಅತ್ತಿಗೆ, ಅದು ಆಡೋಕಲ್ಲ, ಮೇಯೋಕೆ ಚೆನ್ನಾಗಿದೆ,” ಎಂದರು ವಕೀಲರು.

“ಅದ್ಯಾಕೆ ನಿನಗೆ?” ಎಂದರು ಡಾಕ್ಟರು.

“ನೆರಳಿದೆ.” ಆ ಹೊತ್ತಿಗೆ ಬಾಯಿಗೆ ಬಂದದ್ದು ಅಷ್ಟೇ.

“ಕೊಡೆ ಇದ್ಯಲ್ಲ,” ಎಂದು ಡಾಕ್ಟರು ಮತ್ತೆ ಸಮುದ್ರದ ಚಿತ್ರಕ್ಕೆ ಮರಳಿದರು.

ಬಿಲ್ಲೆಯಮ್ಮನಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಬೇಜಾರಾಯಿತು. ಈ ಸಲವೂ ಹಿಂದೆಯೇ ನಡೆಯುವುದಾದರೆ ಮುಂದಿನ ಸಲ ಎನ್ನುವುದಕ್ಕೆ ತಮಗೂ ವಯಸ್ಸು ಕಾಯುತ್ತಿಲ್ಲ. ಪೆನ್ನು ಕೆಳಗಿಟ್ಟು, “ಹೀಗೆ ಕಿತ್ತಾಡೋದಕ್ಕಿಂತ ಡಬ್ಬಿ ತರ್ತೀನಿ ತಾಳಿ,” ಎಂದು ಎದ್ದರು.

ಡಬ್ಬಿ ಎಂದರೆ ಕ್ಲಿನಿಕ್ಕಿನ ಹಳೇ ಬಿಸ್ಕತ್ತಿನ ಡಬ್ಬಿ. ಅಲ್ಲಿ ‘ನಾನು ಮೊದಲು, ನೀನು ಆಮೇಲೆ’ ಎಂದು ಜಗಳ ಬಿದ್ದಾಗಲೆಲ್ಲ ಬಿಲ್ಲೆಯಮ್ಮ ಜಗಳದವರ ಬಿಲ್ಲೆಗಳನ್ನು ಅದರಲ್ಲಿ ಹಾಕಿ ಕುಲುಕಿ, ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಿದ್ದರು. ಅದನ್ನು ಒಳಗೆ ಡಾಕ್ಟರರ ಪಕ್ಕದ ಸ್ಟೀಲ್ ತಟ್ಟೆಯಲ್ಲಿ ಇಟ್ಟರೆ ಡಾಕ್ಟರು ಆ ನಂಬರು ಕರೆಯುತ್ತಿದ್ದರು. ಅದೃಷ್ಟ ಎಂದ ಮೇಲೆ ಯಾರೂ ಚಕಾರವೆತ್ತುತ್ತಿರಲಿಲ್ಲ. ಅದೃಷ್ಟವೂ ಏನು ಚಂದ! ಯಾರ ಕೆನ್ನೆ ಹೆಚ್ಚು ಊದಿದೆಯೋ, ಯಾವ ಮಗು ಹೆಚ್ಚು ಅಳುತ್ತಿದೆಯೋ, ಅವರ ಬಿಲ್ಲೆಯೇ ಬರುತ್ತಿತ್ತು. ಏಕೆಂದರೆ ಬಿಲ್ಲೆಯಮ್ಮ ಆ ಒಂದು ಬಿಲ್ಲೆಯನ್ನು ಮುಷ್ಟಿಯಲ್ಲಿ ಚೆನ್ನಾಗಿ ಬೆಚ್ಚಗೆ ಮಾಡಿ ಕೊನೆಗೆ ಹಾಕುತ್ತಿದ್ದರು. ತಣ್ಣನೆಯ ಹಿತ್ತಾಳೆಗಳ ನಡುವೆ ಬಿಸಿಯದು ಬೆರಳಿಗೆ ತಾನಾಗಿ ಸಿಗುತ್ತಿತ್ತು. ಮೂವತ್ತು ವರ್ಷದ ಈ ಮೋಸವನ್ನು ಅವರು ಗಂಡನಿಗೂ ಹೇಳಿರಲಿಲ್ಲ.

“ಧೂಳು ಹಿಡಿದಿದೆ,” ಎಂದು ಬಿಲ್ಲೆಯಮ್ಮ ಎರಡರಿಂದ ಏಳರವರೆಗಿನ ಆರು ಬಿಲ್ಲೆಗಳನ್ನು ಅಡುಗೆಮನೆಯ ನಲ್ಲಿಯ ತಣ್ಣೀರಿನಲ್ಲಿ ತೊಳೆದರು. ಅವುಗಳಲ್ಲಿ ಐದು ಬಿಲ್ಲೆಗಳನ್ನು ಒರೆಸಿ ಡಬ್ಬಿಗೆ ಹಾಕಿದರು. ಉಳಿದದ್ದನ್ನು, ಅಂದರೆ ಐದನೇ ನಂಬರನ್ನು, ಎಡ ಮುಷ್ಟಿಯಲ್ಲಿ ಅದುಮಿ ಹಿಡಿದು ಬಲಗೈಯಿಂದ ಮೇಜು ಒರೆಸಿದರು, ಲೋಟ ಎತ್ತಿದರು, ಹಾಳೆ ಜೋಡಿಸಿದರು. ಗಂಡಸರಿಬ್ಬರೂ ಚಡ್ಡಿಯ ಉದ್ದದ ಮೇಲೆ ವಾದಿಸುತ್ತಿದ್ದರು. ಬಿಲ್ಲೆ ಹದವಾಗಿ ಕಾದ ಮೇಲೆ ಡಬ್ಬಿಯೊಳಗೆ ಜಾರಿಸಿ, ಕುಲುಕಿ, ಎತ್ತಲು ಕೈ ಹಾಕಿದರು.

“ತಕರಾರಿದೆ,” ಎಂದರು ವಕೀಲರು. “ಡಬ್ಬಿ ತಂದವರೇ ಎತ್ತಬಾರದು.”

“ಮೂವತ್ತು ವರ್ಷ ನಾನೇ ಎತ್ತಿದೀನಿ, ವಕೀಲರೇ.”

“ಅದು ಬರೀ ಹಲ್ಲುನೋವು. ಇದು ಗಾಲ್ಫು.”

“ನಾನೆತ್ತುತ್ತೀನಿ ಬಿಡಿ,” ಎಂದು ಡಾಕ್ಟರು ಅಂಗಿಯ ತೋಳು ಮಡಚಿದರು.

ಬಿಲ್ಲೆಯಮ್ಮ ಡಬ್ಬಿಯನ್ನು ಅತ್ತ ತಳ್ಳಲೇಬೇಕಾಯಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗಾಯಿತು. ಈಗ ಆರರಲ್ಲಿ ಒಂದು, ಅದೂ ದೇವರಿಟ್ಟ ಹಾಗೆ. ಡಾಕ್ಟರು ಸಮುದ್ರ ಎತ್ತಿ ಕುಣಿಯುತ್ತಾರೆ, ವಕೀಲರು ಮೂಗು ಮುರಿಯುತ್ತಾರೆ, ತಾವು ಕೊಡೆ ಒರೆಸಿ ಪೆಟ್ಟಿಗೆಗೆ ಇಡಬೇಕು.

ಡಾಕ್ಟರರ ಕೈ ಡಬ್ಬಿಯೊಳಗೆ ಹೋಯಿತು. ದವಡೆಯ ಕೊನೆಯ ಹಲ್ಲು ಮುಟ್ಟಿ ನೋಡುವಾಗಿನಂತೆ ಚಾವಣಿ ನೋಡುತ್ತ ಬೆರಳಾಡಿಸಿದರು. ಇದ್ದಕ್ಕಿದ್ದಂತೆ ಕೈ ನಿಂತಿತು. ಡಾಕ್ಟರು ಹೆಂಡತಿಯ ಮುಖ ನೋಡಿದರು. ಆಮೇಲೆ ಸಮುದ್ರದ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. ದೊಡ್ಡದೊಂದು ನಿಟ್ಟುಸಿರು ಬಿಟ್ಟು ಕೈ ಹೊರತೆಗೆದರು.

“ಐದು,” ಎಂದರು.

“ಅನ್ಯಾಯ!” ವಕೀಲರು ಎದ್ದು ನಿಂತರು. “ಹಸು ಮೇಯಿಸೋಕೆ ಅಷ್ಟು ದೂರ ಹೋಗ್ಬೇಕಾ? ನಾನು ಮೇಲ್ಮನವಿ ಹಾಕ್ತೀನಿ.” ಊಟದ ಹೊತ್ತಾಗಿದ್ದರಿಂದ ಮೇಲ್ಮನವಿಯನ್ನು ಸಂಜೆಗೆ ಮುಂದೂಡಿ, ಚಪ್ಪಲಿ ಮೆಟ್ಟಿ ಗೊಣಗುತ್ತ ಹೊರಟುಹೋದರು.

ಬಿಲ್ಲೆಯಮ್ಮ ಖುಷಿಯಲ್ಲಿ ಡಬ್ಬಿಯ ಮುಚ್ಚಳ ಹಾಕಿದರು. ಆದರೆ ಗಂಡ ಸಮುದ್ರದ ಹಾಳೆಯನ್ನು ನಾಲ್ಕಾಗಿ ಮಡಚುವುದನ್ನು ನೋಡಿ ಪಾಪ ಅನ್ನಿಸಿತು. “ರೀ, ನಿಮ್ಮ ಸಮುದ್ರ ಹೋಯ್ತಲ್ಲ. ಅದೃಷ್ಟ ಇರ್ಲಿಲ್ಲ ಅನ್ಸುತ್ತೆ.”

“ಬಿಸಿ ಇತ್ತು,” ಎಂದರು ಡಾಕ್ಟರು.

“ಏನು?”

“ಬಿಲ್ಲೆ.”

ಬಿಲ್ಲೆಯಮ್ಮ ಹಾಗೇ ಕುರ್ಚಿಯಲ್ಲಿ ಕೂತರು. “ನಿಮಗೆ... ಯಾವಾಗಿಂದ ಗೊತ್ತು?”

“ಕ್ಲಿನಿಕ್ಕು ತೆಗೆದ ಎರಡನೇ ತಿಂಗಳಿಂದ. ತಟ್ಟೆ ತಣ್ಣಗಿರ್ತಿತ್ತು, ಬಿಲ್ಲೆ ಬಿಸಿ ಇರ್ತಿತ್ತು. ಆ ನಂಬರಿನವರು ಒಳಗೆ ಬಂದ್ರೆ ಕೆನ್ನೆ ಇಷ್ಟು ದಪ್ಪ. ನೀನು ಬಿಸಿ ಮಾಡಿ ಕಳ್ಸಿದ ಬಿಲ್ಲೆ ಒಂದು ದಿನವೂ ಸುಳ್ಳು ಹೇಳ್ಲಿಲ್ಲ ಕಣೇ.” ಡಾಕ್ಟರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಕುರ್ಚಿ ಎಳೆದು ಎದುರಿಗೆ ಕೂತು, ಮೂವತ್ತು ವರ್ಷ ಊರಿಗೆಲ್ಲ ಕೇಳಿದ ಅದೇ ದನಿಯಲ್ಲಿ ಕೇಳಿದರು. “ಹೇಳು. ಎಲ್ಲಿ ನೋವು?”

ಹುಲ್ಲಿನ ಮೇಲೇ ತೋರಿಸಬೇಕೆಂಬ ಹಟ ಅಲ್ಲೇ ಕರಗಿತು. ಬಿಲ್ಲೆಯಮ್ಮ ಎಡ ಅಂಗೈ ಚಾಚಿದರು. ಬೆರಳುಗಳ ಬುಡದಲ್ಲಿ ಸಾಲಾಗಿ ನಾಲ್ಕು ಜಡ್ಡು, ಹೆಬ್ಬೆರಳಲ್ಲಿ ಒಣಗುತ್ತಿದ್ದ ಒಂದು ಬೊಬ್ಬೆ. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ತಮ್ಮ ಅಂಗೈಯನ್ನೂ ಪಕ್ಕದಲ್ಲಿಟ್ಟು ನೋಡಿದರು. ಅವೇ ಜಾಗ, ಅವೇ ಜಡ್ಡು.

“ಎಷ್ಟು ದಿನದಿಂದ?”

“ಎಂಟು ತಿಂಗಳು. ಹುಲ್ಲು ಕತ್ತರಿಸೋ ಯಜಮಾನ್ರು ಹೇಳಿಕೊಟ್ರು.”

“ಆ ಮುದುಕನಾ? ನಾನು ಕೇಳಿದಾಗ ಆಗಲ್ಲ ಅಂದಿದ್ದ!”

“ನಿಮಗೆ ಸೊಂಟ ತಿರುಗಲ್ವಂತೆ.”

ಡಾಕ್ಟರು ನಗಲು ಹೋಗಿ ತಡೆದರು. ಆ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು. “ಸೊಂಟದ ಬಗ್ಗೆ... ನಾನೂ ನಿನಗೆ ಯಾವಾಗಲೋ ಏನೋ ಅಂದಿದ್ನಾ?”

“ಅಂದಿದ್ರಿ. ನಕ್ಕಿದ್ರಿ ಕೂಡ.”

ಡಾಕ್ಟರು ಹೆಂಡತಿಯ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಪೆನ್ನು ತೆಗೆದುಕೊಂಡು, ಐದನೇ ನಂಬರಿನ ಅರ್ಜಿಯನ್ನು ತಮ್ಮ ಕಡೆ ಎಳೆದು, ದುಂಡಗಿನ ಮೊದಲ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ತಾವೇ ಗೀಚಿದರು. ಕೋಳಿ ಕೆದರಿದ ಹಾಗಿದ್ದ ಆ ಅಕ್ಷರಗಳನ್ನು ಮೈದಾನದವರಿರಲಿ, ಬ್ರಹ್ಮನೂ ಓದುವಂತಿರಲಿಲ್ಲ. ಬಿಲ್ಲೆಯಮ್ಮ ಓದಿದರು.

ಆಟಗಾರರು 2, ನನ್ನ ಹೆಂಡತಿ ಮತ್ತು ವಕೀಲ. ಕೊಡೆ ಹಿಡಿಯುವವನು, ನಾನು.

ಬಿಲ್ಲೆಯಮ್ಮ ಕಣ್ಣು ಒರೆಸಿಕೊಂಡು ಪೆನ್ನು ಕಸಿದುಕೊಂಡರು. ಎರಡನ್ನು ತಿದ್ದಿ ಮೂರು ಮಾಡಿ, ಡಾಕ್ಟರರ ಹೆಸರನ್ನೂ ಆಟಗಾರರ ಸಾಲಿಗೆ ಸೇರಿಸಿದರು. ಕೊಡೆಯ ಸಾಲನ್ನು ಮಾತ್ರ ಮುಟ್ಟದೆ ಹಾಗೇ ಬಿಟ್ಟರು.