ಗೇಟಿಗೆ ಅಂಟಿಸಿದ ಇಂಟರ್‌ಸ್ಟೇಟ್ ನೋಟೀಸು

ನೋಟೀಸು ಬರೆದವನು ನಾನೇ. ಮಣಿಪಾಲದ ನಮ್ಮ ಫ್ಲ್ಯಾಟುಗಳ ಸಂಘಕ್ಕೆ ಕಾರ್ಯದರ್ಶಿ ಉಮಾನಾಥ ಎಂದರೆ ನಾನು. ಕಾರ್ಕಳದ ಒಂದು ಮನೆಗೆ ಕಳ್ಳರು ನುಗ್ಗಿದ್ದನ್ನು ಪತ್ರಿಕೆಯವರು ‘ಅಂತರರಾಜ್ಯ ಚೋರರು’ ಎಂದು ದಪ್ಪಕ್ಷರದಲ್ಲಿ ಹಾಕಿದ್ದರು. ಅದನ್ನು ಓದಿದಂದಿನಿಂದ ಲಿಫ್ಟಿನಲ್ಲಿ ಸಿಕ್ಕವರೆಲ್ಲ ನನ್ನ ಕಣ್ಣಿಗೆ ಕಳ್ಳರೇ. ಪೈಂಟಿನವನು ನಮ್ಮ ಬಾಗಿಲನ್ನೇ ಯಾಕೆ ನೋಡಬೇಕು? ಟೈಲ್ಸಿನವರು ಹಿಂದಿಯಲ್ಲಿ ಗುಸುಗುಸು ಮಾತಾಡುವುದು ಎಂತ? ‘ಇಂಟರ್‌ಸ್ಟೇಟ್ ಕೆಲಸದವರಿಗೆ ಪೊಲೀಸ್ ವೆರಿಫಿಕೇಶನ್ ಆಗದೆ ಪ್ರವೇಶವಿಲ್ಲ’ ಎಂದು ಗೇಟಿಗೆ ಅಂಟಿಸಿಯೇಬಿಟ್ಟೆ.

“ಇಂಟರ್‌ಸ್ಟೇಟ್ ಅಂದ್ರೆ ಎಂತ ಸರ್?” ವಾಚ್‌ಮನ್ ಸುಂದರ ಕೇಳಿದ.

“ಬೇರೆ ರಾಜ್ಯದಿಂದ ಬಂದವರು ಮಾರಾಯ. ಆಧಾರ್ ನೋಡು. ಕರ್ನಾಟಕ ಅಲ್ಲದಿದ್ದರೆ ಬಿಡಬೇಡ, ಯಾರೇ ಆಗಲಿ.”

ನನ್ನ ತಲೆಯಲ್ಲಿದ್ದದ್ದು ಹಿಂದಿಯವರು ಮಾತ್ರ.

ಸೋಮವಾರ ಬೆಳಿಗ್ಗೆ ಸುಂದರ ಗೇಟಿನಲ್ಲಿ ತಡೆದದ್ದು ಮೋಕ್ಷಾಳನ್ನು. ನನ್ನ ಅಮ್ಮನನ್ನು ನೋಡಿಕೊಳ್ಳುವ ಹೋಮ್ ನರ್ಸ್ ಅವಳು. ರಜೆಗೆ ಮಂಜೇಶ್ವರದ ಮನೆಗೆ ಹೋಗಿ ಬಂದಿದ್ದಳು. ಅಮ್ಮನಿಗೆ ಎಂಬತ್ತಾರು, ಮರೆವಿನ ಕಾಯಿಲೆ. ಎರಡು ವರ್ಷದಿಂದ ಮೋಕ್ಷಾ ಉಣ್ಣಿಸಿದರೆ ಮಾತ್ರ ಬಾಯಿ ತೆರೆಯುತ್ತಾರೆ. ಅವಳು ಊರಿಗೆ ಹೋದ ಆ ಒಂದು ದಿನ ಬರೀ ನೀರು ಕುಡಿದಿದ್ದರು.

ನಾನು ಓಡಿಹೋದೆ. “ಇವಳು ತುಳು ಮಾತಾಡುವವಳು! ಮಂಜೇಶ್ವರ ಇಲ್ಲೇ ಉಂಟಲ್ಲ, ಇವಳು ಎಂತ ಇಂಟರ್‌ಸ್ಟೇಟ್?”

“ಆಧಾರಿನಲ್ಲಿ ಕೇರಳ ಉಂಟು ಸರ್. ಬೀದರಿನ ಪೈಂಟರನ್ನು ಬಿಟ್ಟೆ, ಅವನದ್ದು ಕರ್ನಾಟಕ. ಯಾರೇ ಆಗಲಿ ಅಂತ ನೀವೇ ಹೇಳಿದ್ದು.”

ಕಾರು ತೆಗೆಯುತ್ತಿದ್ದ ಸಂಘದ ಅಧ್ಯಕ್ಷ ಲಿಯೋನೆಲ್ ಇಳಿದು ಬಂದರು. “ಮೊನ್ನೆ ನಮ್ಮ ಅಡುಗೆಯವಳನ್ನು ಗೋವಾದವಳು ಅಂತ ಹೊರಗೆ ನಿಲ್ಲಿಸಿದಿರಿ. ಇವಳನ್ನು ಮಾತ್ರ ಬಿಡಬೇಕಾ? ಇದರಲ್ಲಿ ಎಂತ ಉಂಟು ಉಮಾನಾಥರೇ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅಣ್ಣ, ಇದು ನೀವು ಬರೆದದ್ದಾ?” ಮೋಕ್ಷಾ ನೋಟೀಸು ತೋರಿಸಿದಳು.

ನಾನು ಅವಳನ್ನು ಕಳುಹಿಸಿದ್ದ ನರ್ಸ್ ಏಜೆನ್ಸಿಗೆ ಫೋನು ಮಾಡಿದೆ. ಪೊಲೀಸ್ ಸ್ಟೇಷನ್ನಿನ ವೆರಿಫಿಕೇಶನ್ ಕಾಗದ ಬರಲು ವಾರ ಬೇಕು, ಏಜೆನ್ಸಿಯವರು ಅಷ್ಟು ದಿನ ಕಾಯುವವರಲ್ಲ. ಅವಳಿಗೆ ಕಾಪುವಿನಲ್ಲಿ ಬೇರೆ ಮನೆಯ ಕೆಲಸ ಉಂಟು ಎಂದು ಫೋನಿನಲ್ಲೇ ಹೇಳಿಬಿಟ್ಟರು. ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಗಂಜಿ ಉಗುರು ಬೆಚ್ಚಗೆ ಇರಲಿ. ಕೆನ್ನೆ ಸವರಿದರೆ ಅಜ್ಜಿ ಬಾಯಿ ತೆರೆಯುತ್ತಾರೆ,” ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಗಂಜಿ ಹಿಡಿದು ಮಂಚದ ಬಳಿ ಕುಳಿತೆ. ಕೆನ್ನೆ ಸವರಿದೆ. ಅಮ್ಮ ಮುಖ ತಿರುಗಿಸಿದರು.

“ಅಮ್ಮ, ಒಂದು ಚಮಚ.”

ಅವರು ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಮುಚ್ಚಿಕೊಂಡು ಗೋಡೆಯತ್ತ ಸರಿದರು. “ನೀವು ಎಲ್ಲಿಯವರು?”

“ನಾನು ಉಮಾನಾಥ ಅಮ್ಮ, ನಿಮ್ಮ ಮಗ.”

ಅಮ್ಮ ನಂಬಲಿಲ್ಲ. “ಅವಳನ್ನು ಕರೆಯಿರಿ,” ಎಂದರು, “ಗುರುತಿಲ್ಲದವರನ್ನು ಅವಳು ಒಳಗೆ ಬಿಡುವುದಿಲ್ಲ.”