ಜೋಜಪ್ಪನ ಹಬ್ಬದ ಮೂರನೇ ಮಣೆ

ರಾತ್ರಿ ಪಾಳಿ ಮುಗಿಸಿ ಲಗ್ಗೆರೆಯಲ್ಲಿ ಬಸ್ಸಿಳಿದಾಗ ದಯಾಮೇರಿಗೆ ಬೇಕಿದ್ದದ್ದು ನಿದ್ದೆಯೊಂದೇ. ನರ್ಸಿಂಗ್ ಹೋಮಿನ ಆಯಾ ಕೆಲಸವೆಂದರೆ ಕೇಳಬೇಕೆ? ಬೆಳಗಿನ ತನಕ ಕಂಡವರ ಬೆಡ್‌ಪ್ಯಾನು ತೊಳೆದು, ಹೊರಳಲಾಗದವರನ್ನು ಹೊರಳಿಸಿ, ಸೊಂಟ ಬಿದ್ದುಹೋಗಿತ್ತು. ಪೀಣ್ಯದ ಕಡೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು; ಧೂಳು ಹೊಕ್ಕು ಕಣ್ಣು ಉರಿಯುತ್ತಿತ್ತು. ಅವತ್ತು ಜೋಜಪ್ಪನ ಹಬ್ಬ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಮಲಗಿಬಿಡೋಣ ಎಂದು ತೀರ್ಮಾನಿಸಿಕೊಂಡೇ ಬಂದಿದ್ದಳು.

ಹರಕೆ ಅವಳದ್ದಲ್ಲ, ಅತ್ತೆ ಲೂರ್ದಮ್ಮನದು. ಮಗ, ಎಂದರೆ ದಯಾಮೇರಿಯ ಗಂಡ ಚೌರಪ್ಪ, ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ಸಿಕ್ಕಿ ಆಸ್ಪತ್ರೆ ಸೇರಿದಾಗ ಮುದುಕಿ ಸಂತ ಜೋಸೆಫರಿಗೆ, ಅವಳ ಬಾಯಲ್ಲಿ ಜೋಜಪ್ಪನಿಗೆ, ಹೊತ್ತದ್ದು. ಪ್ರತಿ ವರ್ಷ ಹಬ್ಬದ ದಿನ ಇಲ್ಲದವರ ಪೈಕಿ ಒಬ್ಬ ಮುದುಕ, ಒಬ್ಬ ಹೆಂಗಸು, ಒಂದು ಮಗುವನ್ನು ಕರೆದು, ಅವರೇ ಜೋಜಪ್ಪ, ಮರಿಯಮ್ಮ, ಬಾಲಯೇಸು ಎಂದು ಭಾವಿಸಿ, ಕಾಲು ತೊಳೆದು, ಮಣೆ ಹಾಕಿ ಉಣ್ಣಿಸಬೇಕು. ಆ ಮೂವರೂ ಒಟ್ಟಿಗೆ ಉಂಡೇಳುವ ತನಕ ಬೇರೆ ಯಾರೂ ಅಗುಳು ಮುಟ್ಟುವಂತಿಲ್ಲ.

ಚೌರಪ್ಪ ಬದುಕಲಿಲ್ಲ. ಆದರೂ ಅತ್ತೆ ಹರಕೆ ಬಿಡಲಿಲ್ಲ. ಜೋಜಪ್ಪ ಒಳ್ಳೇ ಸಾವಿನ ಒಡೆಯ, ನನ್ನ ಮಗ ಪಾದ್ರಿ ಕೈಯಿಂದ ಸತ್ಪ್ರಸಾದ ತಗೊಂಡೇ ಕಣ್ಣು ಮುಚ್ಚಿದ ಎನ್ನುತ್ತಿದ್ದಳು. ಸಾವಿನಲ್ಲಿ ಒಳ್ಳೇದೇನು ಬಂತು ಮಣ್ಣು ಎಂದು ದಯಾಮೇರಿ ಒಳಗೊಳಗೇ ಕುದಿಯುತ್ತಿದ್ದಳು. ಈಗ ಆ ಅತ್ತೆಯೂ ಹೋಗಿದ್ದಳು. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಕಣ್ಣಲ್ಲಿ ನೀರು ಬಂತಂತೆ ಎನ್ನುವ ಗಾದೆ ಇವಳ ಪಾಲಿಗೆ ನಿಜವೇ ಆಗಿತ್ತು, ಅದು ಬೇರೆ ಮಾತು. ಹರಕೆ ಮಾತ್ರ ಅವಳ ಜೊತೆಗೇ ಹೋಗಲಿ ಎಂದುಕೊಂಡಿದ್ದಳು.

ಆದರೆ ಓಣಿಯ ಮಕ್ಕಳು ಬಿಡಬೇಕಲ್ಲ! ಸ್ಕೂಲಿಗೆ ಹೊರಟವರು ಬಾಗಿಲಲ್ಲಿ ನಿಂತು, ಜೋಜಪ್ಪನ ಊಟ ಎಷ್ಟೊತ್ತಿಗೆ ಆಂಟಿ ಎಂದು ಕೇಳಿದರು. ಅವರಲ್ಲಿ ಚರ್ಚಿಗೆ ಹೋಗುವವರು ಇಬ್ಬರೋ ಮೂವರೋ. ಉಳಿದವರಿಗೆಲ್ಲ ಜೋಜಪ್ಪನೆಂದರೆ ಹೆಸರುಬೇಳೆ ಪಾಯಸ. ಇಲ್ಲ ಎನ್ನಲು ಬಾಯಿ ತೆರೆದವಳು, ಪರೀಕ್ಷೆ ಮುಗಿಸಿ ಬನ್ನಿ ಎಂದುಬಿಟ್ಟಳು. ತನ್ನ ನಾಲಿಗೆಗೆ ತಾನೇ ಶಾಪ ಹಾಕುತ್ತ ಬೇಳೆ ತೊಳೆಯಲು ಕೂತಳು.

ವಠಾರದ ಒಡತಿ ಪಿಳ್ಳಮ್ಮ ಕುಂಬಳಕಾಯಿ ಹಿಡಿದು ಬಂದಳು. ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆದವಳು, ಈಗ ಬಾಡಿಗೆ ಎಣಿಸುವವಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ಛೇಡಿಸುತ್ತಲೇ ಈಳಿಗೆಮಣೆ ಎಳೆದುಕೊಂಡು ಕಾಯಿ ಹೆಚ್ಚಿದಳು.

ಮಧ್ಯಾಹ್ನ ಎದುರುಗಡೆ ಏಳುತ್ತಿದ್ದ ಕಟ್ಟಡದ ವಾಚ್‌ಮನ್ ಮುದಕಪ್ಪ, ಕರೆ ಕಳಿಸಿದ್ದಕ್ಕೆ, ಮುಖ ತೊಳೆದು ಬಂದು ಮೊದಲ ಮಣೆಯಲ್ಲಿ ಕೂತ. ಅಲ್ಲೇ ಗಾರೆ ಕೆಲಸಕ್ಕಿದ್ದ ಮಲಕವ್ವನ ಪುಟ್ಟ ಮಗಳು ಸುಮಂಗಲಾ ತಟ್ಟೆ ಹಿಡಿದು ಒಬ್ಬಳೇ ಬಂದಳು. ಮರಿಯಮ್ಮನಾಗಿ ಕೂರಬೇಕಿದ್ದ ಮಲಕವ್ವನ ಪತ್ತೆಯಿಲ್ಲ. ಮೋಲ್ಡ್ ಹಾಕುವ ದಿನ, ಕಾಂಕ್ರೀಟು ಕಲೆಸಿದ ಮೇಲೆ ನಡುವೆ ಬಿಟ್ಟು ಬರುವ ಹಾಗಿಲ್ಲ ಎಂದು ಹುಡುಗಿ ವರದಿ ಒಪ್ಪಿಸಿ ಎರಡನೇ ಮಣೆ ಏರಿದಳು. ಮೂರನೆಯದು ಖಾಲಿ ಉಳಿಯಿತು. ಗೋಡೆಯುದ್ದಕ್ಕೂ ತಟ್ಟೆ ಹಿಡಿದು ಕೂತಿದ್ದ ಮಕ್ಕಳು ಅದನ್ನೇ ನೋಡಿದರು.

ನೀವೇ ಕೂತುಕೊಳ್ಳಿ ಎಂದು ದಯಾಮೇರಿ ಪಿಳ್ಳಮ್ಮನನ್ನು ಬೇಡಿದಳು. ಬಾಡಿಗೆ ವಸೂಲಿ ಮಾಡುವ ಮರಿಯಮ್ಮ ಎಲ್ಲಾದರೂ ಉಂಟೇ, ನಿಮ್ಮತ್ತೆ ಸಮಾಧಿಯಿಂದ ಎದ್ದು ಬಂದಾಳು ಎಂದು ಪಿಳ್ಳಮ್ಮ ತಳ್ಳಿಹಾಕಿದಳು. ಆಮೇಲೆ ಅವಳನ್ನೇ ದಿಟ್ಟಿಸಿ, "ನೀನೇ ಕೂತ್ಕೋ. ಈ ಓಣೀಲಿ ನಿನಗಿಂತ ಇಲ್ಲದೋಳು ಯಾರವ್ಳೆ?" ಅಂದಳು.

ದಯಾಮೇರಿಗೆ ವರ್ಷವಿಡೀ ಕೈಯೊಡ್ಡುವುದು ಇದ್ದೇ ಇತ್ತು: ರೋಗಿಗಳ ಕಡೆಯವರು ಕೊಟ್ಟ ಹಳೇ ಸೀರೆ, ಕ್ಯಾಂಟೀನಿನಲ್ಲಿ ಉಳಿದ ಅನ್ನ. ಕೊಡುವವಳು ಅನ್ನಿಸಿಕೊಳ್ಳುವುದು ಇದೊಂದೇ ದಿನ. ಹರಕೆ ಬೇಡವೆಂದು ಬೆಳಿಗ್ಗೆ ಅಂದುಕೊಂಡವಳಿಗೆ ಈಗ ಅದನ್ನು ಯಾರೋ ಕಿತ್ತುಕೊಂಡ ಹಾಗಾಯಿತು.

"ನಾನು ಬಡಿಸೋಳು ಪಿಳ್ಳಮ್ಮ. ಉಣ್ಣೋಕೆ ಕೂರೋಳಲ್ಲ."

"ನಿಂತ್ಕೊಳಕ್ಕೇ ಆಯ್ತಿಲ್ಲ ನಿಂಗೆ. ಬಡಿಸ್ತಾಳಂತೆ."

ಮಕ್ಕಳು ಹಸಿದಿದ್ದರು. ಬೇರೆ ದಾರಿಯಿರಲಿಲ್ಲ. ದಯಾಮೇರಿ ತಲೆ ತಗ್ಗಿಸಿ ಮೂರನೇ ಮಣೆಯ ಮೇಲೆ ಕೂತಳು.

ಪಿಳ್ಳಮ್ಮ ಸೆರಗು ಸಿಕ್ಕಿಸಿ, ಚೊಂಬು ಹಿಡಿದು, ಮಂಡಿ ನೋವಿಗೆ ನರಳುತ್ತ ಅವಳ ಮುಂದೆ ಕುಕ್ಕರಿಸಿದಳು. ಒಡೆದ ಹಿಮ್ಮಡಿಗೆ ನೀರು ಹಾಕಿ ಕೈಯಿಂದ ಉಜ್ಜಿದಳು. ಎಷ್ಟು ಜನರ ಕಾಲು ತೊಳೆದಿದ್ದಳೋ ದಯಾಮೇರಿ. ಅವಳ ಕಾಲನ್ನು ತೊಳೆದವರು ಯಾರೂ ಇರಲಿಲ್ಲ. ನಾಚಿಕೆಯೂ ಆಯಿತು, ಸುಖವೂ ಆಯಿತು. ಎರಡೂ ಸೇರಿ ಅಳು ಬಂದುಬಿಟ್ಟಿತು. ಪಿಳ್ಳಮ್ಮ ಉಳಿದಿಬ್ಬರ ಕಾಲೂ ತೊಳೆದು ಮೂರೂ ಎಲೆಗೆ ಬಡಿಸಿದಳು.

"ಲಗೂನ ಉಣ್ಣಬೇ, ನನಗ ಹಸಿವ್ಯಾಗೇತಿ," ಎಂದಳು ಬಾಲಯೇಸು.

ದಯಾಮೇರಿ ಅಳುತ್ತಲೇ ನಕ್ಕು ಒಂದು ತುತ್ತು ತಿಂದಳು. ಬಿಸಿ ಅನ್ನ, ಸಾರು. ಎರಡನೇ ತುತ್ತು ಕಲೆಸುವಾಗ ರೆಪ್ಪೆ ಭಾರವಾಯಿತು. ಒಂದು ಗಳಿಗೆ ಅಂತ ಗೋಡೆಗೆ ತಲೆ ಒರಗಿಸಿದಳು, ಅಷ್ಟೇ. ಕೈ ಎಲೆಯ ಮೇಲೆಯೇ ಉಳಿಯಿತು, ಗೊರಕೆ ಶುರುವಾಯಿತು.

ಮಕ್ಕಳಲ್ಲಿ ಗುಜುಗುಜು ಎದ್ದಿತು. ಯಾರೋ ಆಂಟೀ ಎಂದು ಕೂಗಲು ಹೋದರೆ ಪಿಳ್ಳಮ್ಮ ಕಣ್ಣಲ್ಲೇ ಗದರಿಸಿದಳು. ಮುದಕಪ್ಪ ಬಾಯಿಗೆ ಒಯ್ದಿದ್ದ ತುತ್ತನ್ನು ಎಲೆಗೆ ಇಳಿಸಿ, "ತಾಯಿ ಏಳಲಿ. ಆಮ್ಯಾಲ ಉಣ್ಣೂಣು," ಅಂದ. ಸುಮಂಗಲಾ ಅವನ ಮುಖ ನೋಡಿ, ತಾನೂ ಕೈ ಹಿಂದಕ್ಕೆ ತೆಗೆದುಕೊಂಡಳು. ಪಿಳ್ಳಮ್ಮ ಪಕ್ಕದಲ್ಲೇ ಕೂತು ಸೆರಗಿನಿಂದ ನೊಣ ಓಡಿಸತೊಡಗಿದಳು.

ಪಾಯಸ ಆರಿತು. ಓಣಿಯ ಮಕ್ಕಳೆಲ್ಲ ಖಾಲಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಹಸಿದ ಹೊಟ್ಟೆಯಲ್ಲೇ, ಪಿಸುಮಾತನ್ನೂ ಬಿಟ್ಟು ಕಾದರು.