ಫಾರ್ಗೊ ಲಾರಿಯ ಮಾಲೀಕ

"ಹುಣಸಗಿ ದಾಟಿ ಎರಡು ಮೈಲು ಹೋಗುವಷ್ಟರಲ್ಲಿ ಫ್ಯಾನ್ ಬೆಲ್ಟು ಹರಿಯಿತು. ನಾನು ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ, ಹುರಿ ಮಾಡಿ, ಬೆಲ್ಟಿನ ಜಾಗಕ್ಕೆ ಕಟ್ಟಿದೆ. ಆ ರುಮಾಲಿನ ಮೇಲೆಯೇ ಲಾರಿ ಸುರಪುರ ಮುಟ್ಟಿತು," ಎಂದು ಅಲ್ಮಾಸ ಓದಿದಳು.

ಜಮಾಲಸಾಬ ತೊಡೆ ತಟ್ಟಿಕೊಂಡು ನಕ್ಕ. "ರುಮಾಲ ನಂದು! ಜಗದೇವ ಅವತ್ತ ಬರೇ ತಲಿಲೇ ಇದ್ದ. ಬಿಸಲಿಗೆ ತಲಿ ಸುಡಾಕತ್ತದಂತ ಗಿಡದ ಬುಡಕ್ಕ ಹೋಗಿ ಕುಂತಿದ್ದ. ಇರಲಿ ಬಿಡು, ಮುಂದ ಓದು."

ಅದು ಕಲಬುರಗಿಯ ಹಳೆಯ ವಾಹನಗಳ ಸಂಘವೊಂದು ಅಚ್ಚು ಹಾಕಿಸಿದ ಪುಸ್ತಿಕೆ. ಮೇಲೆ ದುಂಡುಮೂತಿಯ ಫಾರ್ಗೊ ಲಾರಿಯ ಬಣ್ಣದ ಚಿತ್ರ, ಅದರ ಕೆಳಗೆ ‘ಇತಿಹಾಸ ಮತ್ತು ಮಾಲೀಕರ ಅನುಭವಗಳು’ ಎಂಬ ಅಕ್ಷರ. ಮೊದಲ ಅರ್ಧದಲ್ಲಿ ಅಮೆರಿಕದ ಆ ಹೆಸರು ಈ ದೇಶಕ್ಕೆ ಬಂದದ್ದು, ಮುಂಬೈಯಲ್ಲಿ ಲಾರಿಗಳನ್ನು ಜೋಡಿಸಿದ್ದು, ಒಂದೇ ಗಾಡಿಯನ್ನು ಫಾರ್ಗೊ, ಡಾಡ್ಜ್, ಡಿಸೋಟೊ ಎಂದು ಮೂರು ಹೆಸರಿನಲ್ಲಿ ಮಾರಿದ್ದು ಎಲ್ಲ ಇತ್ತು. ಜಮಾಲಸಾಬ ಅದನ್ನು ತನ್ನದೇ ಮನೆತನದ ಸುದ್ದಿ ಕೇಳುವವನಂತೆ ತಲೆಯಾಡಿಸುತ್ತ ಕೇಳಿದ್ದ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಗ ಆಸೀಫನ ಮಗಳು ಅಲ್ಮಾಸ ಶಹಾಪುರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು, ಅಜ್ಜನಿಗೆ ಬಂದ ಕಾಗದಪತ್ರವೆಲ್ಲ ಅವಳ ಬಾಯಿಂದಲೇ.

ಎರಡನೇ ಅರ್ಧದಲ್ಲಿ ಮಾಲೀಕರು ತಮ್ಮ ತಮ್ಮ ಕಥೆ ಹೇಳಿಕೊಂಡಿದ್ದರು. ಶಹಾಪುರದ ಜಗದೇವಪ್ಪನ ಪಾಲಿಗೆ ಏಳು ಪುಟ ಬಂದಿತ್ತು. ಮರುದಿನ ರವಿವಾರ ಯಾದಗಿರಿಯಲ್ಲಿ ಪುಸ್ತಿಕೆಯ ಬಿಡುಗಡೆ. ಜಗದೇವಪ್ಪನ ಫಾರ್ಗೊ ಅಲ್ಲಿಗೆ ತನ್ನ ಚಕ್ರದ ಮೇಲೆ ತಾನೇ ಹೋಗಬೇಕು, ಜಮಾಲಸಾಬನೇ ನಡೆಸಿಕೊಂಡು ಬರಬೇಕು ಎಂದು ಪುಸ್ತಿಕೆ ಬರೆದ ಉಪನ್ಯಾಸಕ ಸಂಗಮನಾಥ ಮಧ್ಯಾಹ್ನ ಮನೆಗೆ ಬಂದು ಹೇಳಿ, ಒಂದು ಪ್ರತಿ ಕೊಟ್ಟು ಹೋಗಿದ್ದ. ಆ ಲಾರಿಯ ಗೇರು ಹಾಕುವಾಗ ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು, ಚಳಿಯಲ್ಲಿ ಎಣ್ಣೆ ಬಟ್ಟೆ ಹೊತ್ತಿಸಿ ಎಂಜಿನ್ನಿನ ಬಾಯಿಗೆ ಹಿಡಿಯಬೇಕು. ಆ ಕಲೆ ಈಗ ಮೂರು ತಾಲೂಕಿನಲ್ಲಿ ಜಮಾಲಸಾಬನೊಬ್ಬನಿಗೇ ಗೊತ್ತಿತ್ತು.

ಅಲ್ಮಾಸ ಪುಟ ತಿರುವಿದಳು. ನಾರಾಯಣಪುರ ಡ್ಯಾಮಿನ ಇಳಿಜಾರಿನಲ್ಲಿ ಕಲ್ಲು ತುಂಬಿದ ಲಾರಿಯ ಬ್ರೇಕು ಹೋದದ್ದು, ಅದನ್ನು ಉಸುಕಿನ ಗುಡ್ಡೆಗೆ ನುಗ್ಗಿಸಿ ನಿಲ್ಲಿಸಿದ್ದು ಬಂತು. ಅದೂ ಜಮಾಲಸಾಬನ ಕೈಯಿಂದಾದದ್ದೇ. ಪುಸ್ತಿಕೆಯಲ್ಲಿ ಮಾತ್ರ ಸ್ಟೇರಿಂಗ್ ಹಿಡಿದವನು ಜಗದೇವಪ್ಪ. ಈ ಸಲ ಜಮಾಲಸಾಬ ನಗಲಿಲ್ಲ, ಗಡ್ಡ ಕೆರೆದುಕೊಂಡ.

"ಮುಂದ?"

ಅಲ್ಮಾಸ ಮುಂದಿನ ಸಾಲುಗಳ ಮೇಲೆ ಕಣ್ಣಾಡಿಸಿ ಪುಸ್ತಿಕೆಯನ್ನು ತೊಡೆಯ ಮೇಲಿಳಿಸಿದಳು.

"ಯಾಕವ್ವ? ಅಕ್ಷರ ಕೂಡವಲ್ವೇನು?"

"ದಾದಾ, ಇದು ನಿಮ್ಮ ಸುದ್ದಿ ಅದ," ಎಂದು ಅವಳು ದನಿ ತಗ್ಗಿಸಿ ಓದಿದಳು: "1977ರಲ್ಲಿ ದೇವಾಪುರದ ಹತ್ತಿರ ನಮ್ಮ ಡ್ರೈವರ್ ಜಮಾಲಸಾಬನ ಅಜಾಗರೂಕತೆಯಿಂದ ಒಬ್ಬ ರೈತ ತೀರಿಕೊಂಡ. ಡ್ರೈವರನಿಗೆ ಜೈಲಾಯಿತು. ಅವನು ಬಿಡುಗಡೆಯಾಗಿ ಬಂದಾಗ ಎಲ್ಲರೂ ಬೇಡವೆಂದರೂ ನಾನು ಅವನನ್ನು ಕ್ಷಮಿಸಿ ಮತ್ತೆ ಇಟ್ಟುಕೊಂಡೆ."

ಜಮಾಲಸಾಬ ಕೈ ಚಾಚಿ ಪುಸ್ತಿಕೆ ಇಸಿದುಕೊಂಡ. ಓದಲು ಬಾರದ ಆ ಸಾಲುಗಳನ್ನು ಬಹಳ ಹೊತ್ತು ನೋಡಿದ. "ಯಾವ ಸಾಲಿನಾಗ ಅದ, ಬಟ್ಟಿಟ್ಟು ತೋರ್ಸು," ಎಂದ. ಅಲ್ಮಾಸ ಬೆರಳಿಟ್ಟು ತೋರಿಸಿದಳು. "ಕ್ಷಮಿಸಿ ಅಂದದ್ದು ಯಾವುದು?" ಎಂದ. ಅದನ್ನೂ ತೋರಿಸಿದಳು.

ಆ ಲಾರಿಯನ್ನು ಅವರಿಬ್ಬರೂ ಕೂಡಿ ಕೊಂಡಿದ್ದರು. ಡ್ಯಾಮಿನ ಕೆಲಸಕ್ಕೆ ಕಲ್ಲು ಹೊರುತ್ತಿದ್ದ ಗಾಡಿ. ಗುತ್ತಿಗೆದಾರ ಹರಾಜಿಗಿಟ್ಟಾಗ ಜಗದೇವಪ್ಪ ತನ್ನ ಪಾಲು ಹಾಕಿದ, ಜಮಾಲಸಾಬ ಅಪ್ಪ ಬಿಟ್ಟುಹೋದ ಎರಡು ಎಕರೆ ಮಾರಿ ಹಣ ಕೊಟ್ಟ. ಓದು ಬರಹ ಬಲ್ಲವನು ಜಗದೇವಪ್ಪನಾದ್ದರಿಂದ ಕಾಗದ ಅವನ ಹೆಸರಿಗಾಯಿತು. ಆಗ ಅದೊಂದು ದೊಡ್ಡ ಸಂಗತಿ ಎಂದು ಇಬ್ಬರಿಗೂ ಅನಿಸಿರಲಿಲ್ಲ. ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಯಾದಗಿರಿಯ ಗಂಜ್ ಮಾರುಕಟ್ಟೆಗೆ ತೊಗರಿ ಹೊತ್ತು ಹೋದ ದಿನ ಲಾರಿಯ ನೆರಳಿನಲ್ಲೇ ಒಬ್ಬರ ಮಗ್ಗುಲಿಗೊಬ್ಬರು ಮಲಗುತ್ತಿದ್ದರು.

ದೇವಾಪುರದ ಆ ಮಧ್ಯಾಹ್ನ ರಸ್ತೆ ನೆಟ್ಟಗಿತ್ತು. "ಒಂದೀಟ ನನ್ನ ಕೈಯಾಗ ಕೊಡೋ," ಎಂದು ಜಗದೇವಪ್ಪ ಬೆನ್ನು ಬಿದ್ದ. ಅವನಿಗೆ ಲೈಸೆನ್ಸ್ ಇರಲಿಲ್ಲ. ಜಮಾಲಸಾಬ ಸರಿದು ಕೂತು ಸ್ಟೇರಿಂಗ್ ಕೊಟ್ಟ. ಸೈಕಲ್ಲಿನ ಹಿಂದೆ ಮೇವಿನ ಹೊರೆ ಕಟ್ಟಿಕೊಂಡು ಹೊರಟಿದ್ದ ಮರಿಲಿಂಗಪ್ಪನೆಂಬ ರೈತ ಹಾರ್ನಿಗೆ ಗಾಬರಿಯಾಗಿ ಈ ಕಡೆ ಹೊರಳಿದ. ಜಗದೇವಪ್ಪ ಬ್ರೇಕೆಂದುಕೊಂಡು ಕ್ಲಚ್ ತುಳಿದ.

ಹೊಲದಿಂದ ಮಂದಿ ಓಡಿ ಬರುವುದು ಕಾಣುತ್ತಿತ್ತು. ಜಗದೇವಪ್ಪನ ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಅವನು ಸ್ಟೇರಿಂಗಿಗೆ ಹಣೆ ಹಚ್ಚಿ, "ಸತ್ತೆ ಜಮಾಲ, ನಾ ಸತ್ತೆ," ಎನ್ನುತ್ತಿದ್ದ. ಜಮಾಲಸಾಬ ಏನೂ ಯೋಚಿಸಲಿಲ್ಲ. ಅವನನ್ನು ಈಚೆ ಎಳೆದು ತಾನು ಡ್ರೈವರ್ ಸೀಟಿನಲ್ಲಿ ಕೂತ. ಅಷ್ಟೇ. ಕಲಬುರಗಿ ಜೈಲಿನಲ್ಲಿ ಎಂಟು ತಿಂಗಳಾಯಿತು.

ಬಿಡುಗಡೆಯ ದಿನ ಜಗದೇವಪ್ಪ ಜೈಲಿನ ಬಾಗಿಲಿಗೆ ಬಂದಿದ್ದ. ನೆಟ್ಟಗೆ ಅಬ್ಬೆತುಮಕೂರಿಗೆ ಕರೆದುಕೊಂಡು ಹೋಗಿ, ಮಠದ ಹೊಸ್ತಿಲ ಮೇಲೆ ಕೈಯಿಟ್ಟು ಅತ್ತಿದ್ದ. "ನನ್ನ ಮಕ್ಕಳು ಒಂದು ದಂಡಿಗೆ ಹತ್ತಲಿ. ಆಮ್ಯಾಲ ನನ್ನ ಬಾಯಿಲೇ ಊರಿಗೆ ಹೇಳ್ತೀನಿ. ಇದನ್ನ ನಿನ್ನ ತಲಿ ಮ್ಯಾಲಿಟ್ಟು ನಾ ಸಾಯಂಗಿಲ್ಲ ಜಮಾಲ." ಜಮಾಲಸಾಬ ನಂಬಿದ. ಈಗ ಜಗದೇವಪ್ಪನ ಮಕ್ಕಳಿಗೆ ತಲೆ ನೆರೆತಿತ್ತು. ಜಮಾಲಸಾಬ ಒಮ್ಮೆಯೂ ನೆನಪು ಮಾಡಿಕೊಟ್ಟಿರಲಿಲ್ಲ. ತನ್ನ ಹೆಂಡತಿ ಚಮನಬೀಗೂ ಹೇಳಿರಲಿಲ್ಲ. ಇಬ್ಬರ ನಡುವಿನ ಮಾತು ಮೂರನೆಯವರಿಗೆ ಹೋಗಬಾರದೆಂದು.

ಪುಸ್ತಿಕೆಯನ್ನು ಬಗಲಿಗಿಟ್ಟುಕೊಂಡು ಅವನು ಜಗದೇವಪ್ಪನ ಮನೆಗೆ ನಡೆದ. ಇಳಿಹೊತ್ತು. ಜಗದೇವಪ್ಪ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು, ನಾಳೆಗೆಂದು ತಂದ ಹೊಸ ಧೋತರದ ಮಡಿಕೆ ಬಿಚ್ಚಿ ನೋಡುತ್ತಿದ್ದ. ಹೆಂಡತಿ ಭುವನೇಶ್ವರಿ ಇಬ್ಬರಿಗೂ ಚಹಾ ತಂದಿಟ್ಟು, "ಚಮನಕ್ಕಗ ಆರಾಮ ಅದನ್ರಿ ಅಣ್ಣಾ?" ಎಂದು ಕೇಳಿ ಒಳಗೆ ಹೋದಳು.

"ಓದ್ಸಿ ಕೇಳಿದ್ಯಾ? ಹುಡುಗ ಚೊಲೋ ಬರದಾನ," ಎಂದ ಜಗದೇವಪ್ಪ.

"ರುಮಾಲ ತಗೊಂಡಿ, ತಗೋ. ಡ್ಯಾಮಿಂದೂ ತಗೋ. ದೇವಾಪುರದ್ದು ಯಾಕ ಬರಸ್ದಿ?"

ಜಗದೇವಪ್ಪ ಧೋತರ ಮಡಚಿದ. ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದ. "ಅವನು ಕೇಳಿದ. ಯಾರೋ ಹೇಳಿದ್ದರಂತ, ಈ ಲಾರಿಗೆ ಒಬ್ಬವ ಸತ್ತಾನಂತ. ಕೋರ್ಟಿನ್ಯಾಗ ಹ್ಯಾಂಗ ಅದನೋ ಹಂಗ ಹೇಳ್ದೆ. ಮತ್ತೇನ್ ಹೇಳ್ಬೇಕಿತ್ತು?"

"ಇರೂದ ಹೇಳ್ಬೇಕಿತ್ತು. ಹೊಸ್ತಿಲ ಮುಟ್ಟಿದ್ದಿ ನೀ."

"ಮುಟ್ಟಿದ್ದೆ. ಇಲ್ಲಂತೀನೇನು?" ಜಗದೇವಪ್ಪ ಮುಂದಕ್ಕೆ ಬಾಗಿದ. "ಮೊಮ್ಮಗಳಿಗೆ ಗಂಡ ಗೊತ್ತಾಗ್ಯಾನ. ಬೀಗರು ನಾಳೆ ಯಾದಗಿರಿಗೆ ಬರೋರಿದ್ದಾರ. ಈ ವಯಸ್ಸಿನ್ಯಾಗ ನಾ ಎದ್ದು ನಿಂತು, ಹೊಡದಾವ ನಾನು ಅನ್ಲೇನು? ನೋಡು ಜಮಾಲ, ನೀ ಹೊತ್ತದ್ದು ಹೊತ್ತಿ, ಜೈಲೂ ಆತು, ಮುಗೀತು. ಈಗ ಇಬ್ಬರು ಹೊರೂದು ಯಾಕ?"

ಜಮಾಲಸಾಬ ಬಗಲಿನ ಪುಸ್ತಿಕೆ ತೆಗೆದು ಕಟ್ಟೆಯ ಮೇಲಿಟ್ಟ. ಇಷ್ಟು ವರ್ಷ ಈ ಮನುಷ್ಯ ಒಳಗೊಳಗೇ ಸುಡುತ್ತಿದ್ದಾನೆ ಎಂದುಕೊಂಡಿದ್ದ. ಆ ಮರುಕದಿಂದಲೇ ಎಷ್ಟೋ ಮಾತು ನುಂಗಿದ್ದ.

"ಮತ್ತ ‘ಕ್ಷಮಿಸಿ’ ಅಂದದ್ದು?" ಎಂದು ಕೇಳಿದ. "ಅದು ಯಾವ ಕೋರ್ಟಿನ್ಯಾಗ ಅದ?"

ಜಗದೇವಪ್ಪ ಚಹಾದ ಕಪ್ಪು ಎತ್ತಿಕೊಂಡ. "ಬರಿಯೂ ಮುಂದ ಅಂತಾದೊಂದು ಮಾತು ಬರ್ತದ. ಮನಸಿಗೆ ಹಚ್ಕೋಬ್ಯಾಡ. ಮುಂಜಾನಿ ಎಂಟಕ್ಕ ಬಾ. ಹೊಸಾ ರುಮಾಲ ತರ್ಸೀನಿ ನಿನಗ."

ಜಮಾಲಸಾಬ ತನ್ನ ಚಹಾ ಮುಟ್ಟದೆ ಎದ್ದ.

ಬೆಳಿಗ್ಗೆ ಎಂಟು ಬಾರಿಸಿತು, ಎಂಟೂವರೆಯಾಯಿತು. ಸಂಗಮನಾಥ ಬೈಕು ಓಡಿಸಿಕೊಂಡು ಬಂದ. ಜಮಾಲಸಾಬ ಅಂಗಳದ ಹೊರಸಿನ ಮೇಲೆ ಕೂತಿದ್ದ.

"ಎಲ್ಲಾರೂ ಕಾಯಾಕತ್ತಾರ್ರೀ ಅಜ್ಜಾರ. ಲಾರಿಗೆ ಹೂವಿನ ಹಾರ ಹಾಕ್ಯಾರ."

"ನಾ ಬರಂಗಿಲ್ಲ ಮಾಸ್ತರ."

"ಯಾಕ್ರಿ? ಆರಾಮಿಲ್ಲೇನ್ರಿ?"

"ನೀವು ಬರದದ್ದು ಸುಳ್ಳ ಅದ." ಜಮಾಲಸಾಬ ತನ್ನ ಅಂಗೈ ನೋಡುತ್ತ ಹೇಳಿದ. "ದೇವಾಪುರದಾಗ ಲಾರಿ ನಡಸ್ತಿದ್ದಾವ ಜಗದೇವ. ನಾ ಮಗ್ಗಲಕ್ಕ ಕುಂತಿದ್ದೆ. ಅವನ ಮದುವಿ ಇತ್ತಂತ ನಾ ಸೀಟ ಬದಲಿ ಮಾಡ್ದೆ. ನನ್ನ ಕೈಲೆ ಆ ಮನಿಶಾ ಸತ್ತಿಲ್ಲ."

ಸಂಗಮನಾಥನ ಮುಖ ಬಿಳಿಚಿತು. ಅವನು ಕೆಟ್ಟವನಲ್ಲ. ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ, "ಐದನೂರು ಪ್ರತಿ ಅಚ್ಚಾಗ್ಯಾವ್ರಿ," ಎಂದ. "ನಾ ಕೋರ್ಟಿನ ಕಾಗದಾನೂ ತರ್ಸಿ ನೋಡೀನಿ. ಅದರಾಗ ನಿಮ್ಮ ಹೆಸರೇ ಅದ. ನೀವೇ ಒಪ್ಕೊಂಡೀರಿ, ಹೆಬ್ಬಟ್ಟ ಒತ್ತೀರಿ. ನಾ ಏನ್ ಮಾಡ್ಲಿ, ನೀವೇ ಹೇಳ್ರಿ?"

"ಏನೂ ಮಾಡಬ್ಯಾಡ್ರಿ. ಹೇಳ್ಬೇಕನಿಸ್ತು, ಹೇಳ್ದೆ."

ಬೈಕು ಹೋದ ಮೇಲೆ ಜಮಾಲಸಾಬ ತಿರುಗಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಚಮನಬೀ ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಒಳಗೆ ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಅವಳು ಒಳಗೆ ಹೋಗಲಿಲ್ಲ.

"ಅವನಿಗೆ ಹೇಳಿದ್ದು ಇನ್ನೊಮ್ಮೆ ಹೇಳಿ," ಎಂದಳು. ಗಂಡ ಹೆಂಡತಿ ತಮ್ಮೊಳಗೆ ಆಡುವುದು ಉರ್ದು. ಆದರೆ ಆ ಮಾತು ಯಾವ ಭಾಷೆಯಲ್ಲಿ ಹೇಳಿದರೂ ಅಷ್ಟೇ ಕಷ್ಟವಾಗುತ್ತಿತ್ತು.

ಅವನು ಹೇಳಿದ. ಈ ಸಲ ನಿಧಾನವಾಗಿ, ಮಠದ ಹೊಸ್ತಿಲವರೆಗೆ, ನಿನ್ನೆಯ ಚಹಾದವರೆಗೆ. ಜಗದೇವಪ್ಪನಿಗೆ ಅವಳು ಶಾಪ ಹಾಕುತ್ತಾಳೆ, ತನ್ನ ಪರ ನಿಲ್ಲುತ್ತಾಳೆ ಎಂದು ಕಾದ.

ಚಮನಬೀ ಹೊಸ್ತಿಲ ಮೇಲೆ ಕುಸಿದು ಕೂತಳು. "ನಮ್ಮ ಕೂಸು ಒಂಬತ್ತು ದಿನ ಬದುಕಿತ್ತು," ಎಂದಳು. "ನೀವು ಜೈಲಿನಲ್ಲಿದ್ದಿರಿ. ಮುಖಾನೂ ನೋಡಲಿಲ್ಲ. ಯಾಕೆ ಸತ್ತಿತು ಅಂತ ನನಗೆ ಅವತ್ತೇ ಗೊತ್ತಾಯಿತು. ಒಬ್ಬಳ ಗಂಡನ್ನ ಕೊಂದವನ ಮನೆಯಲ್ಲಿ ಕೂಸು ಹೇಗೆ ಉಳೀತದೆ ಅಂತ."

"ಚಮನ..."

"ನಲವತ್ತು ದಿನ ತುಂಬಿರಲಿಲ್ಲ, ಹಸಿ ಬಾಣಂತಿ. ನಡಕೊಂಡು ದೇವಾಪುರಕ್ಕೆ ಹೋದೆ. ಮರಿಲಿಂಗಪ್ಪನ ಹೆಂಡತಿ ಚಂದಮ್ಮನ ಕಾಲು ಹಿಡಿದೆ. ನನ್ನ ಗಂಡ ಮಾಡಿದ್ದಕ್ಕೆ ನನ್ನನ್ನ ಬಿಟ್ಟುಬಿಡು, ಮುಂದಿನ ಕೂಸನ್ನಾದರೂ ಉಳಿಸು ಅಂತ. ಆಮೇಲೂ ವರ್ಷಕ್ಕೊಮ್ಮೆ ಹೋಗುತ್ತಾ ಬಂದೆ. ನೀವು ನೋಡುತ್ತಿದ್ದಿರಿ. ಬಸ್ಸು ಹತ್ತಿಸಿ ಬರುತ್ತಿದ್ದಿರಿ." ಅವಳು ಅಳುತ್ತಿರಲಿಲ್ಲ. ಕೈಯ ಹಿಟ್ಟು ಒಣಗಿ ಬಿರುಕು ಬಿಡುತ್ತಿತ್ತು. "ಒಂದು ಸಲವಾದರೂ ಬಾಯಿ ಬಿಡಬಾರದಿತ್ತೇ? ದೋಸ್ತನಿಗೆ ಕೊಟ್ಟ ಮಾತು ದೊಡ್ಡದು. ನಾನು ಯಾರು?"

"ನಿನಗೆ ನೋವಾಗಬಾರದಂತ..." ಎಂದು ಶುರು ಮಾಡಿ ಅವನು ಅಲ್ಲಿಗೇ ನಿಲ್ಲಿಸಿದ. ನಿನ್ನೆ ಕಟ್ಟೆಯ ಮೇಲೆ ಜಗದೇವಪ್ಪ ಹೇಳಿದ ನೆಪಕ್ಕೂ ಇದಕ್ಕೂ ಬಹಳ ಅಂತರವಿಲ್ಲ ಎಂದು ತೋರಿತು.

ಅವಳು ಎದ್ದು ಕೈ ತೊಳೆದಳು. ಒಲೆ ಆರಿಸಿದಳು. ಪೆಟ್ಟಿಗೆಯಿಂದ ಬೇರೆ ಸೀರೆ ತೆಗೆದು ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, "ಅಲ್ಮಾಸ, ನಡಿ," ಎಂದಳು.

"ಎಲ್ಲಿಗೆ ದಾದಿ?"

"ದೇವಾಪುರಕ್ಕೆ."

"ನಾನೂ ಬರ್ತೀನಿ," ಎಂದ ಜಮಾಲಸಾಬ. ಅವಳು ಮೊಮ್ಮಗಳ ಕೈ ಹಿಡಿದು ಅಂಗಳಕ್ಕಿಳಿದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಮಂದಿ ರಸ್ತೆಯ ಪಕ್ಕಕ್ಕೆ ಸರಿದು ನಿಂತಿದ್ದರು. ದೊಡ್ಡ ಟ್ರೇಲರ್ ಒಂದರ ಮೇಲೆ ಫಾರ್ಗೊವನ್ನು ಏರಿಸಿ, ಹಗ್ಗ ಬಿಗಿದು ಯಾದಗಿರಿ ಕಡೆಗೆ ಒಯ್ಯುತ್ತಿದ್ದರು. ಅದರ ಹಿಂದಿನ ಕಾರಿನಲ್ಲಿ ಜಗದೇವಪ್ಪ ಹೊಸ ಧೋತರ ಉಟ್ಟು ಕೂತಿದ್ದ. ಜಮಾಲಸಾಬನನ್ನು ಕಂಡು ಅವನ ಕೈ ಅರ್ಧ ಮೇಲೆದ್ದಿತು, ಆಮೇಲೆ ಕಿಟಕಿಯ ಗಾಜು ಮೇಲೇರಿತು. ಚಮನಬೀ ಅತ್ತ ನೋಡಲೇ ಇಲ್ಲ. ಸುರಪುರದ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಜಮಾಲಸಾಬ ಹಿಂದಿನ ಬಾಗಿಲ ಕಂಬಿ ಹಿಡಿದು ನಿಂತ. ದೇವಾಪುರದವರೆಗೂ ಅವನಿಗೆ ಅವಳ ಸೆರಗಿನ ಅಂಚಷ್ಟೇ ಕಾಣುತ್ತಿತ್ತು.

ಇಳಿದ ಮೇಲೆ ಅವಳು ಯಾರನ್ನೂ ದಾರಿ ಕೇಳಲಿಲ್ಲ. ಬಾವಿ ದಾಟಿ, ಎರಡು ಓಣಿ ಬಳಸಿ ನಡೆದಳು. ಅವನು ಇಪ್ಪತ್ತು ಹೆಜ್ಜೆ ಹಿಂದೆ ಬಂದ.

ಚಂದಮ್ಮ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾಗಿತ್ತು; ಕಣ್ಣಿಗಿಂತ ಹೆಚ್ಚು ಬೆರಳುಗಳನ್ನೇ ನಂಬಿದ್ದಳು. ಬಳೆಯ ಸದ್ದಿಗೆ ತಲೆಯೆತ್ತಿ, "ಚಮನವ್ವ ಏನು? ಈ ಸಲ ಹೊತ್ತಿಲ್ಲದ ಹೊತ್ತಿನ್ಯಾಗ ಬಂದಿಯಲ್ಲ," ಎಂದು ಮೊರವನ್ನು ಆಚೆ ಸರಿಸಿ ಕಂಬಳಿಯ ಮೇಲೆ ಜಾಗ ಮಾಡಿದಳು. ಚಮನಬೀ ಈ ಸಲ ಅವಳ ಕಾಲಿಗೆ ಬಾಗಲಿಲ್ಲ. ಮಗ್ಗುಲಿಗೆ ಕೂತಳು.

"ನಿನಗೊಂದು ಮಾತು ಹೇಳ್ಬೇಕಾಗ್ಯಾದ ಅಕ್ಕ."

"ಹೇಳ್ಬೇಕಂದ್ರ ಹೇಳು. ಅಂಗಳದಾಗ ನಿಂತಾವ ಯಾರು?"

ಜಮಾಲಸಾಬ ಚಪ್ಪಲಿ ಬಿಟ್ಟು ಬಿಸಿಲಿನಲ್ಲಿ ನಿಂತಿದ್ದ. ಚಂದಮ್ಮ ಹಣೆಗೆ ಅಂಗೈ ಅಡ್ಡ ಹಿಡಿದು, ಬೆಳಕಿನ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು.